ಊದಬಾರದ ತುದಿ

ಮೊನ್ನೆ ಸೈಟಿನಲ್ಲಿ ಕೇಬಲ್ ತುದಿಗೆ ಹಾಕುವ ಹಿತ್ತಾಳೆ ಗ್ಲ್ಯಾಂಡುಗಳ ಪೆಟ್ಟಿಗೆ ಬಿಚ್ಚಿ ಹಂಚಿ, ಊಟಕ್ಕೆ ಕೂತೆ. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿಗೆ ಅಂಟಿದ ಹಿತ್ತಾಳೆ ವಾಸನೆ ಹೋಗಿರಲಿಲ್ಲ. ಮುದ್ದೆ ಮುರಿದು ಬಾಯಿಯ ಹತ್ತಿರ ತಂದಾಗ ಆ ವಾಸನೆ ಮೂಗಿಗೆ ಬಡಿಯಿತು. ಬೇರೆ ಯಾರಾದರೂ ಮುಖ ಸಿಂಡರಿಸುತ್ತಿದ್ದರೇನೋ. ನನಗೆ ಚಾಚಾ ನೆನಪಾದರು...

ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಹೊಸಕೋಟೆಯವರು. ದೇವನಹಳ್ಳಿ ಕಡೆ ಒಂದು ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದಾಗ ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿ, ದೊಡ್ಡಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾ ಅಲ್ಲಿ ವೈರಿಂಗ್ ಕೆಲಸದ ಇಂಜಿನಿಯರ್ ಆಗಿದ್ದೆ. ಕಾಗದದ ಮೇಲೆ ನಾನು ಅವರಿಗೆ ಮೇಲಿನವಳು. ಕೆಲಸದಲ್ಲಿ ಅವರ ಮುಂದೆ ಇನ್ನೂ ಅ ಆ ಇ ಈ ತಿದ್ದುತ್ತಿದ್ದವಳು. ಅವರು ಮಾಡುತ್ತಿದ್ದುದು ಒಂದೇ ಕೆಲಸ, ಎಂ.ಐ. ಕೇಬಲ್ಲಿನ ತುದಿ ಮುಚ್ಚುವುದು.

ಇಷ್ಟೇನಾ ಅನ್ನಬೇಡಿ. ಈ ಕೇಬಲ್ಲಿಗೆ ಪ್ಲಾಸ್ಟಿಕ್ಕೇ ಇಲ್ಲ. ಹೊರಗೆ ತಾಮ್ರದ ಕೊಳವೆ, ಒಳಗೆ ತಾಮ್ರದ ತಂತಿ, ನಡುವೆ ಗಟ್ಟಿಯಾಗಿ ತುಂಬಿದ ಬಿಳಿ ಪುಡಿ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಹೊಗೆ ಎಳೆಯುವ ಫ್ಯಾನು, ಮೆಟ್ಟಿಲ ದೀಪ ಕೈಕೊಡಬಾರದು ಅಂತ ಇದನ್ನು ಹಾಕುತ್ತಾರೆ. ಬೆಂಕಿಗೆ ಹೆದರದ ಆ ಪುಡಿಗೆ ನೀರೆಂದರೆ ಮಾತ್ರ ಆಗದು. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ, ಹೀರಿಕೊಂಡರೆ ಕರೆಂಟು ಸೋರುತ್ತದೆ. ಹಾಗಾಗಿ ತುದಿಯ ತಾಮ್ರ ಸುಲಿದ ಕೂಡಲೇ ಅದಕ್ಕೆ ಪುಟ್ಟ ಹಿತ್ತಾಳೆ ಬಟ್ಟಲು ತಿರುಪಿ, ಮೇಣದಂಥ ಮುದ್ದೆ ತುಂಬಿ ಮುಚ್ಚಬೇಕು. ಟೀಗೆ ಕರೆದರೂ ನಡುವೆ ಏಳುವ ಹಾಗಿಲ್ಲ.

ಚಾಚಾ ಟೀ ಲೋಟ ಹಿಡಿದರೆ ಕೈ ನಡುಗಿ ಅರ್ಧ ಟೀ ಅಂಗಿಯ ಪಾಲಾಗುತ್ತಿತ್ತು. ಅದೇ ಕೈ ಕೇಬಲ್ ಹಿಡಿದರೆ ನಡುಕ ಎಲ್ಲಿ ಓಡುತ್ತಿತ್ತೋ ಕಾಣೆ. ತುದಿ ಮುಚ್ಚಿದ ಮೇಲೆ ಸೋರಿಕೆ ಅಳೆಯುವ ಮೆಗ್ಗರ್ ಹಿಡಿದು ಸಂಜೆ ಒಮ್ಮೆ, ಒಳಗೆ ತೇವ ಸಿಕ್ಕಿದ್ದರೆ ಹರಡಲು ರಾತ್ರಿ ಹಿಡಿಯುತ್ತದೆಂದು ಮರುದಿನ ಇನ್ನೊಮ್ಮೆ ನೋಡುತ್ತಿದ್ದರು. "ಇವತ್ತು ಬಂದ ರೀಡಿಂಗು ನೆಂಟ ಇಂಜಿನಿಯರಮ್ಮ, ನಾಳೆನೂ ಇದ್ರೆ ಮನೆಯವ್ನು" ಅನ್ನುವರು.

ನಮ್ಮ ಮ್ಯಾನೇಜರಿಗೆ ಹೆಣ್ಣುಮಗಳು ಸೈಟಿನಲ್ಲಿರುವುದು ಅಷ್ಟಕ್ಕಷ್ಟೇ. ಆಫೀಸಿನಲ್ಲಿ ನಕ್ಷೆ ನೋಡಿಕೊಂಡಿರಲಿ ಎಂದು ದಿನಾ ರಾಗ ತೆಗೆಯುತ್ತಿದ್ದರು. ಚಾಚಾನೇ ಅವರಿಗೆ ತಿಳಿಸದೆ, ನೆಲಮಹಡಿಯ ಒಂದು ಪ್ಯಾನೆಲ್ಲಿನ ಆರು ತುದಿ ನನ್ನ ಕೈಗೆ ಕೊಟ್ಟರು. ಅವರು ಮೇಲಿನ ಮಹಡಿಯಲ್ಲಿ, ನಾನು ಕೆಳಗೆ. ಸಂಜೆ ಆರೂ ತುದಿ ಚೆನ್ನಾಗಿ ತೋರಿಸಿದವು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನನ್ನ ಕತೆಯೂ ಅದೇ.

ಮರುದಿನ ಬೆಳಗ್ಗೆ ಮೆಗ್ಗರ್ ಹಿಡಿದು ನೋಡಿದರೆ ಮೂರು ತುದಿಯಲ್ಲಿ ಕರೆಂಟು ಸೋರುತ್ತಿತ್ತು. ಇನ್ನು ಮೂರೇ ದಿನದಲ್ಲಿ ಬೆಂಕಿ ಸುರಕ್ಷತೆಯ ತಪಾಸಣೆ. ಮ್ಯಾನೇಜರ್ ಎಲ್ಲರನ್ನೂ ಪ್ಯಾನೆಲ್ಲಿನ ಮುಂದೆ ನಿಲ್ಲಿಸಿಕೊಂಡು ಸೀದಾ ಚಾಚಾ ಕಡೆ ತಿರುಗಿದರು. "ಕೈ ನಡುಗೋರನ್ನ ಇಟ್ಕೊಂಡಿದ್ದು ನನ್ನ ತಪ್ಪು. ನಾಳೆಯಿಂದ ಬೇರೆಯವರನ್ನ ಕರೀತೀನಿ."

ಚಾಚಾ ತಲೆ ತಗ್ಗಿಸಲಿಲ್ಲ. "ನಂದಲ್ಲ ಸಾರ್. ನನ್ ಕೈಯಿಂದ ಅಂಥಾದ್ದು ಬರಲ್ಲ."

"ಹಂಗಾದ್ರೆ ಯಾರ್ದು?"

"ಅದು ನಾನ್ ಹೇಳೋ ಮಾತಲ್ಲ."

ನನ್ನ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬಾಯಿ ಬಿಟ್ಟರೆ ನನಗೆ ಆಫೀಸಿನ ಕುರ್ಚಿಯೇ ಗತಿ. ಬಿಡದಿದ್ದರೆ ಅಷ್ಟು ವರ್ಷದ ಅವರ ಹೆಸರು ಅವತ್ತೇ ಮಣ್ಣುಪಾಲು. ಈಗ ಧೈರ್ಯವಂತೆಯ ಹಾಗೆ ಬರೆಯುತ್ತಿದ್ದೇನೆ, ಆದರೆ ಅವತ್ತು ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಆ ಸ್ವಲ್ಪ ಹೊತ್ತಿಗೆ ನನಗೆ ಈಗಲೂ ನಾಚಿಕೆಯಿದೆ.

"ನಂದು ಸರ್" ಅಂದೆ. "ಆ ಆರೂ ನಾನೇ ಮಾಡಿದ್ದು."

"ಅದಕ್ಕೇ ನಾನು ಬಡ್ಕೊಂಡಿದ್ದು, ಆಫೀಸಲ್ಲಿ ಕೂತ್ಕೊಳ್ಳಮ್ಮ ಅಂತ" ಎಂದು ಮ್ಯಾನೇಜರ್ ಶುರುಮಾಡಿದರು. ಚಾಚಾ ನಡುವೆ ಬಂದರು. "ಮಾಡಿದ್ದೂ ಅವ್ರು, ಒಪ್ಕೊಂಡಿದ್ದೂ ಅವ್ರು. ಕತ್ತರ್ಸಿ ಮತ್ತೆ ಮಾಡೋದೂ ಅವ್ರೇ ಮಾಡ್ಲಿ ಸಾರ್. ನಾಳೆ ಸರಿ ಬರ್ಲಿಲ್ಲ ಅಂದ್ರೆ ನಮ್ಮಿಬ್ರನ್ನೂ ಕಳ್ಸಿಬಿಡಿ."

ನನ್ನ ಜೊತೆ ತಮ್ಮನ್ನೂ ಸೇರಿಸಿಕೊಂಡುಬಿಟ್ಟರಲ್ಲ ಎಂದು ನಾನು ಗಡಿಬಿಡಿಯಲ್ಲಿ ಸಾಮಾನು ಜೋಡಿಸತೊಡಗಿದೆ. ಅವರು ಮಾತ್ರ ಒಂದು ಡಬ್ಬ ಎಳೆದುಕೊಂಡು ಆರಾಮಾಗಿ ಕೂತು, "ಮಾಡಿ, ನೋಡ್ತೀನಿ" ಅಂದರು. ಪ್ರತಿ ಕೇಬಲ್ಲನ್ನೂ ಅವರು ಒಂದು ಮೊಳ ಹೆಚ್ಚಿಗೆ ಬಿಡಿಸಿದ್ದು ಯಾಕೆಂದು ಆಗ ತಿಳಿಯಿತು. ಕೆಟ್ಟ ತುದಿ ಕತ್ತರಿಸಿದೆ. ತಾಮ್ರ ಸುಲಿದೆ. ಬಟ್ಟಲು ತಿರುಪಿದೆ. ಒಳಗೆ ತಾಮ್ರದ ಸಣ್ಣ ಚೂರುಗಳು ಉಳಿದಿದ್ದವು. ಬಾಗಿ, ಉಫ್ ಎಂದು ಊದಿದೆ.

ಚಾಚಾ ಡಬ್ಬದ ಮೇಲಿಂದ ಬೀಳುವಷ್ಟು ನಕ್ಕರು. "ಅರೆ ಇಂಜಿನಿಯರಮ್ಮ, ಒಲೆ ಊದ್ತಿದ್ದೀರಾ?"

ನಮ್ಮದು ಮಗ್ಗದ ಮನೆ. ಲಾಳಿಗೆ ಹೊಸ ನೂಲು ಹಾಕುವಾಗ, ಯಂತ್ರದ ಮೇಲೆ ಧೂಳು ಕೂತಾಗ, ಅಜ್ಜಿಯಿಂದ ಹಿಡಿದು ಎಲ್ಲರೂ ಉಫ್ ಅನ್ನುತ್ತೇವೆ. ನನಗೆ ಅದು ಉಸಿರಾಟದಷ್ಟೇ ಸಹಜ, ಊದಿದ್ದು ನನಗೇ ಗೊತ್ತಿರಲಿಲ್ಲ. ಬಾಯಿಯ ಗಾಳಿಯಲ್ಲಿದ್ದ ತೇವವನ್ನು ಪುಡಿ ಕುಡಿದಿತ್ತು, ಅದರ ಮೇಲೆ ನಾನು ಅಚ್ಚುಕಟ್ಟಾಗಿ ಮುಚ್ಚಳ ಹಾಕಿದ್ದೆ. ಚಾಚಾ ನನ್ನ ಕೈಯಿಂದ ಕೇಬಲ್ ತೆಗೆದುಕೊಂಡು, ತುದಿಯನ್ನು ಕೆಳಮುಖ ಮಾಡಿ ಇಕ್ಕಳದಿಂದ ಮೆಲ್ಲಗೆ ತಟ್ಟಿ ತೋರಿಸಿದರು. ಚೂರುಗಳು ಉದುರಿದವು. ಮತ್ತೆ ಕೈಗೆ ಕೊಟ್ಟು, "ಈ ಊದಿದ್ದನ್ನ ಕತ್ತರ್ಸಿ ಹಾಕಿ, ಮೊದ್ಲಿಂದ" ಅಂದರು.

ಚೆನ್ನಾಗಿದ್ದ ಮೂರು ತುದಿಗಳನ್ನೂ ನಾನೇ ಕತ್ತರಿಸಿದೆ. ಅವುಗಳಿಗೂ ಊದಿದ್ದೆನಲ್ಲ. ಅವರು ಡಬ್ಬದ ಮೇಲೆಯೇ ಕೂತು ನೋಡುತ್ತಿದ್ದರು. ಸಂಜೆ ಆರೂ ಸರಿ ಬಂದವು. ಫೋಟೋ ತೆಗೆಯಲಿಲ್ಲ. ಮರುದಿನ ಚಾಚಾ ಮ್ಯಾನೇಜರ್ ಎದುರಿಗೇ ಮೆಗ್ಗರ್ ಹಿಡಿದರು. ಆರಕ್ಕೆ ಆರೂ ಕದಲದೆ ನಿಂತಿದ್ದವು. ಮ್ಯಾನೇಜರ್ ಗೊಣಗಿಕೊಂಡು ಹೋದರು. ಚಾಚಾ "ನಡೀರಿ, ಟೀ ಕುಡಿಯೋಣ" ಅಂದರು, ಅಷ್ಟೇ.

ತಪಾಸಣೆ ಮುಗಿಯಿತು, ಆಸ್ಪತ್ರೆ ನಡೆಯುತ್ತಿದೆ. ಬಸ್ಸು ಆ ಕಟ್ಟಡದ ಮುಂದೆ ಹೋಗುವಾಗ ಪಕ್ಕದಲ್ಲಿ ಕೂತವರಿಗೆ, ಗುರುತಿಲ್ಲದವರಾದರೂ ಸರಿ, "ಇದರಲ್ಲಿ ನಮ್ಮ ಚಾಚಾ ಕೆಲಸ ಇದೆ" ಎಂದು ಹೇಳುವ ಚಾಳಿ ನನಗೆ. ನಗುವವರು ನಗಲಿ.

ಆಮೇಲೆ ಅವರೊಂದು ಸೈಟು, ನಾನೊಂದು ಸೈಟು. ಫೋನು ಕಡಿಮೆಯಾಯಿತು... ಹೋದ ವರ್ಷ ಅವರು ತೀರಿಕೊಂಡರೆಂದು ತಿಳಿದಾಗಲೇ ನಾಲ್ಕು ದಿನ ಕಳೆದಿತ್ತು. ಹೊಸಕೋಟೆಯ ಮನೆ ಹುಡುಕಿಕೊಂಡು ಹೋದೆ. ಹೆಸರು ಹೇಳಿದೆ, ಅವರ ಹೆಂಡತಿ ಚಾಚಿಗೆ ಗುರುತು ಹತ್ತಲಿಲ್ಲ. ದೇವನಹಳ್ಳಿ ಆಸ್ಪತ್ರೆ ಕೆಲಸದಲ್ಲಿ ಜೊತೆಗಿದ್ದೆ ಎಂದಾಗ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದರು.

"ಎಲ್ಲಾರ್ ಎದುರ್ಗೆ 'ನಂದು' ಅಂದಿದ್ ಹುಡುಗಿ ನೀನೇನಾ? ನಮ್ ಮೊಮ್ಮಕ್ಳು ಸುಳ್ಳು ಹೇಳಿದ್ರೆ ಸಾಕು, ಅವ್ರು ನಿನ್ ಕತೆನೇ ಹೇಳೋರು ಬೇಟಾ."

ಕೂತು ಮಾತಾಡಿದಾಗ ತಿಳಿಯಿತು, ತುದಿಗಳು ಕೆಟ್ಟಿದ್ದು, ನಾನು ಊದಿದ್ದು, ಯಾವುದೂ ಚಾಚಿಗೆ ಗೊತ್ತಿರಲಿಲ್ಲ. ನಗೆಪಾಟಲಾಗುವ ಭಾಗವನ್ನೆಲ್ಲ ಚಾಚಾ ತಮ್ಮಲ್ಲೇ ಇಟ್ಟುಕೊಂಡಿದ್ದರು. ನಾನು ಬಾಯಿ ಬಿಡುವ ಮುನ್ನ ಸುಮ್ಮನೆ ನಿಂತಿದ್ದ ಆ ಸ್ವಲ್ಪ ಹೊತ್ತನ್ನೂ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತುದಿ ಯಾರದೆಂದು ಮೊದಲೇ ಗೊತ್ತಿದ್ದುದರಿಂದ ಅದು ಅಲ್ಲಿದ್ದವರಲ್ಲಿ ಅವರಿಗೊಬ್ಬರಿಗೇ ಗೊತ್ತಾಗಿತ್ತು, ಈಗ ನನಗೊಬ್ಬಳಿಗೆ.