ವಾರಗಿತ್ತಿಯ ಮರ

"ವರ್ನಾ ನಂಗೆ ವಾರಗಿತ್ತಿ. ನಾನು ಈ ಮನೆಗೆ ಬಂದು ಹನ್ನೊಂದು ವರ್ಷ ಆದ್ಮೇಲೆ ಬಂದೋಳು. ಆದ್ರೂ ಅತ್ತೆಗೆ ಅವಳ ಜಾಲಿಕಾಯಿ ಹಿಟ್ಟೇ ಆಗ್ಬೇಕು. ಅವಳಿಗಿಂತ ನುಣ್ಣಗೆ ಕುಟ್ತೀನಿ, ಎರಡೆರಡು ಸಲ ಜರಡಿ ಹಿಡೀತೀನಿ. ನನ್ನ ಅಂಬಲಿ ಕುಡಿದು, 'ಹೊಟ್ಟೆ ತುಂಬ್ತು' ಅಂತಾರೆ, ಅಷ್ಟೇ. ಅವಳದಾದ್ರೆ ಬಟ್ಟಲು ನೆಕ್ತಾರೆ," ಎಂದು ಯುಲಾಲಿಯಾ ಗೊಣಗುತ್ತಿದ್ದಳು.

ಮರುಭೂಮಿಯ ಆ ಓಧಾಮ್ ಬುಡಕಟ್ಟಿನ ಹಳ್ಳಿಯಲ್ಲಿ ಜಾಲಿಕಾಯಿಯ ರುಚಿ ಮರದಿಂದ ಮರಕ್ಕೆ ಬೇರೆ; ಹೆಂಗಸರು ಪ್ರತಿ ಮರದ ಕಾಯನ್ನೂ ಕಚ್ಚಿ ನೋಡಿಯೇ ಕೀಳುತ್ತಿದ್ದರು. ಸಿಹಿ ಮರ ಸಿಕ್ಕರೆ ಅದು ಎಲ್ಲಿದೆಯೆಂದು ಬಾಯಿ ಬಿಡುತ್ತಿರಲಿಲ್ಲ. ಈ ಬೇಸಿಗೆ ಯುಲಾಲಿಯಾ ಕದ್ದು ವರ್ನಾಳ ಹಿಂದೆ ನಡೆದು, ಒಣ ಹಳ್ಳದಾಚೆ ಇದ್ದ ಅವಳ ಮರವನ್ನು ಕಂಡುಕೊಂಡಳು. ವರ್ನಾ ಹೋದ ಮೇಲೆ ಒಂದು ಕಾಯಿ ಕಚ್ಚಿದಳು. ಬೆಲ್ಲದಂಥ ಆ ಸಿಹಿಗೆ ಹೊಟ್ಟೆ ಇನ್ನಷ್ಟು ಉರಿಯಿತು. ಚೀಲ ತುಂಬ ಕಿತ್ತು ತಂದು, ಒಣಗಿಸಿ, ಕುಟ್ಟಿ, ಅಂಬಲಿ ಕಾಸಿ ಅತ್ತೆಯ ಮುಂದಿಟ್ಟಳು.

ಅತ್ತೆ ಬಟ್ಟಲು ನೆಕ್ಕಿದರು. "ವರ್ನಾ ಯಾವಾಗ ಕೊಟ್ಟು ಹೋದ್ಲು?"

"ನಾನೇ ಕುಟ್ಟಿದ್ದು ಅತ್ತೆ."

"ಸುಮ್ನಿರೇ. ಆ ಮರದ ರುಚಿ ನನ್ನ ನಾಲಿಗೆಗೆ ಗೊತ್ತಿಲ್ವಾ? ಅವಳಿಗೆ ಅದನ್ನ ತೋರಿಸಿದ್ದೇ ನಾನು."

ಹನ್ನೊಂದು ವರ್ಷ ಮೊದಲೇ ಬಂದ ಯುಲಾಲಿಯಾಳಿಗೆ ಅತ್ತೆ ಆ ಮರವನ್ನು ತೋರಿಸಿರಲಿಲ್ಲ. ಅವಳು ಬಟ್ಟಲು ತೊಳೆದು ಕವುಚಿಟ್ಟು, ಜರಡಿಯಲ್ಲಿ ಉಳಿದಿದ್ದ ಗಟ್ಟಿ ಬೀಜಗಳನ್ನು ಅಂಗಳಕ್ಕೆ ಕೊಡವಿದಳು.