ಕೆಳಗಿನ ತಟ್ಟೆಯ ಹುಳುಗಳು

ನಾನು ಓದಿದ ಕಾನ್ವೆಂಟಿನಲ್ಲಿ ಚಿಕ್ಕ ಮಕ್ಕಳಿಗೆ ಅವರ ಎತ್ತರದ್ದೇ ಪೊರಕೆ, ಅವರ ಕೈಗೆ ತಕ್ಕ ಬಕೆಟ್ಟು ಇರುತ್ತಿದ್ದವು. ಕೈಲಾಂಚದ ಕಡೆಯ ಈ ರೇಷ್ಮೆ ಹುಳು ಸಾಕುವ ಮನೆಗೆ ಸೊಸೆಯಾಗಿ ಬಂದ ಮೇಲೂ ಅದು ನನ್ನ ಮನಸ್ಸಿನಲ್ಲಿತ್ತು. ಮಗಳಿಗೆಂದು ಪುಟ್ಟದೊಂದು ಬಿದಿರು ಬುಟ್ಟಿ ಹೆಣೆಸಿದೆ. ಅತ್ತೆ ಅದನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಹುಳಕ್ಕೆ ಸೊಪ್ಪು ತತ್ತಾಳೋ, ನಂಗೆ ಎಲೆ ಅಡಿಕೆ ತತ್ತಾಳೋ?" ಎಂದು ನಕ್ಕಿದ್ದರು.

ಆ ಮಧ್ಯಾಹ್ನ ಅವರು ನಗಲಿಲ್ಲ.

ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಮುಂಚಿನ ನಿದ್ದೆಯಿಂದ, ಎದ್ದಿದ್ದವು. ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು. ಬೆಳಿಗ್ಗೆ ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದು ಬದುವಿನಿಂದಲೇ ಕೂಗಿದ್ದರು: "ಈ ಕಡೆ ಎರಡು ಸಾಲು ಸೊಪ್ಪು ಮುಟ್ಬೇಡಿ ಕಣ್ರವ್ವಾ, ಗಾಳಿ ನಿಮ್ಕಡೀಕೇ ಐತೆ!" ದೊಡ್ಡವರೆಲ್ಲ ಕೇಳಿಸಿಕೊಂಡೆವು. ಮಗಳು ಆಗಿನ್ನೂ ಮಲಗಿದ್ದಳು.

ನಾನು ಪಾತ್ರೆ ತೊಳೆಯುತ್ತಿದ್ದಾಗ ಅವಳು ಖಾಲಿ ಬುಟ್ಟಿ ಹಿಡಿದು ಹುಳುವಿನ ಮನೆಯಿಂದ ಹೊರಬಂದಳು. ಪಾದ ಒದ್ದೆಯಾಗಿತ್ತು. ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿ ನೀರಿಗೆ ಕಾಲು ಅದ್ದುವುದನ್ನು ಮರೆತಿರಲಿಲ್ಲ.

"ನಾನೇ ಊಟ ಹಾಕ್ದೆ," ಎಂದಳು.

"ಸೊಪ್ಪು ಎಲ್ಲಿ ಕಿತ್ತೆ ಪುಟ್ಟಾ?"

ಬದುವಿನ ಕಡೆ ಕೈ ತೋರಿಸಿದಳು. ಅಲ್ಲಿನ ಹಿಪ್ಪುನೇರಳೆ ಗಿಡಗಳನ್ನು ಈಚೆಗಷ್ಟೇ ಕಡಿದಿದ್ದರು. ಹೊಸ ಚಿಗುರು ಅವಳ ಭುಜದ ಮಟ್ಟಕ್ಕಿತ್ತು. ತೋಟದಲ್ಲಿ ಅವಳ ಕೈಗೆ ಎಟುಕುವ ಸೊಪ್ಪು ಅದೊಂದೇ.

ಅತ್ತೆ ಮೊರವನ್ನು ಅಲ್ಲೇ ಬಿಟ್ಟು ಓಡಿದರು. ಒಳಗೆ ಹುಳು ಸಾಕುವ ತಟ್ಟೆಯ ಮೇಲೆ ತಟ್ಟೆ, ಎಲ್ಲದರಲ್ಲೂ ಒಂದೇ ಹಸಿರು. ವಿಷದೆಲೆ ಯಾವುದೆಂದು ಹೇಗೆ ಹೇಳುವುದು?

"ಯಾವ ತಟ್ಟೆಗೆ ಹಾಕ್ದೆ? ಬಾಯಿ ಬುಡು ಮಗಾ! ಬೆಳೆಯೆಲ್ಲ ಹೊಂಟೋಯ್ತದೆ!"

ಮಗಳ ಕೆಳತುಟಿ ಅದುರಿತು. ಬಾಯಿ ಬಿಗಿಯಿತು. ಇನ್ನೊಂದು ಸಲ ಕೂಗಿದರೆ ಅವಳು ಸಂಜೆಯವರೆಗೂ ಮಾತಾಡುವುದಿಲ್ಲವೆಂದು ನನಗೆ ಗೊತ್ತು. ಕುಕ್ಕರುಗಾಲಲ್ಲಿ ಕೂತು ಬುಟ್ಟಿಯನ್ನು ಅವಳಿಗೇ ಕೊಟ್ಟೆ.

"ಹೆಂಗೆ ಹಾಕಿದೆ, ಅಜ್ಜಿಗೆ ತೋರಿಸು."

ಅವಳು ಬಾಗಿಲ ಪಕ್ಕದ ಎಲ್ಲಕ್ಕಿಂತ ಕೆಳಗಿನ ತಟ್ಟೆಯ ಮೇಲೆ ಖಾಲಿ ಬುಟ್ಟಿಯನ್ನು ಬೋರಲು ಮಾಡಿದಳು. ಆಮೇಲೆ ತುದಿಗಾಲಲ್ಲಿ ನಿಂತು ಮೇಲಿನದಕ್ಕೆ ಕೈ ಚಾಚಿದಳು.

"ಇದು ಎಟುಕ್ಲೇ ಇಲ್ಲ," ಎಂದು ಜೋರಾಗಿ ಅತ್ತಳು.

ಅತ್ತೆ, ನಾನು ಆ ತಟ್ಟೆಯನ್ನು ಆಚೆಗೆ ಹೊತ್ತೆವು. ಬೆಳಕಿನಲ್ಲಿ ನೋಡಿದರೆ ಕೆಲವು ಹುಳು ಆಗಲೇ ತಲೆ ಆಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಅತ್ತೆ ಕೈ ಕಾಲು ತೊಳೆದು ಒಳಗೆ ಹೋಗಿ, ನೆಲದ ಮೇಲೆ ಕೂತರು. ಮೇಲಿನ ತಟ್ಟೆಗಳಿಂದ ಎಲೆ ಮೇಯುವ ಸದ್ದು ಬರುತ್ತಿತ್ತು. ಅದು ಒಸಿ ತಗ್ಗಿದರೆ ಸಾಕು, ವಿಷ ಅಲ್ಲಿಗೂ ಮುಟ್ಟಿತೇನೋ ಎಂದು ನನ್ನ ಕಡೆ ನೋಡುತ್ತಿದ್ದರು.

ಸಂಜೆಯ ಸೊಪ್ಪು ಹಾಕಿದೆವು. ಸದ್ದು ಮತ್ತೆ ಏರಿತು. ಆಮೇಲೆಯೇ ಅತ್ತೆ ಎದ್ದು ಗುಂಡಿ ತೋಡಿ, ಕೆಳಗಿನ ತಟ್ಟೆಯ ಹುಳುಗಳನ್ನೆಲ್ಲ ಅದರಲ್ಲಿ ಹೂತರು.

ಮರುದಿನ ಬೆಳಿಗ್ಗೆ ಮಗಳು ಹುಳುವಿನ ಮನೆಯ ಹತ್ತಿರವೂ ಸುಳಿಯಲಿಲ್ಲ. ಅತ್ತೆ ಹಳೇ ಸೀರೆಯ ಕೆಂಪು ಅಂಚು ಹರಿದು, ಅವಳ ಕೈ ಹಿಡಿದು ತೋಟಕ್ಕೆ ಕರೆದೊಯ್ದು, ಬದುವಿನ ಎರಡು ಸಾಲು ಶುರುವಾಗುವ ಕಡೆ ಗಿಡಕ್ಕೆ ಅದನ್ನು ಕಟ್ಟಿದರು.

"ಕೆಂಪು ಬಟ್ಟೆ ದಾಟಿದ್ಯೋ, ನಿನ್ ಬುಟ್ಟಿ ಅಟ್ಟಕ್ಕೆ. ತಿಳೀತಾ?"

ಅವಳು ತಲೆಯಾಡಿಸಿದಳು.

"ಹಂಗಾರೆ ನಡಿ, ಹುಳ ಹಸ್ಕೊಂಡೈತೆ."

ಆ ಬಟ್ಟೆ ಎಷ್ಟು ಕೆಳಗಿತ್ತೆಂದರೆ, ನೋಡಲು ನಾನು ಬಗ್ಗಬೇಕಾಯಿತು.