ನೋಡಿ ಕೊಡಿ ಸ್ವಾಮಿ

ನನ್ನ ಗಂಡನದು ಮರ ಹತ್ತುವ ಕೆಲಸ. ತೊಂಬತ್ತರ ದಶಕದಲ್ಲಿ ಶ್ರೀರಾಂಪುರದ ನಮ್ಮ ಮನೆಯಿಂದ ಹಗ್ಗ, ಮಚ್ಚು, ಗರಗಸ ಸೈಕಲ್ಲಿಗೆ ಕಟ್ಟಿಕೊಂಡು ಮಲ್ಲೇಶ್ವರದ ಕಾಂಪೌಂಡುಗಳಿಗೆ ಹೋಗುತ್ತಿದ್ದರು. ಚಾವಣಿಯ ಮೇಲೆ ಬಾಗಿದ ಕೊಂಬೆ, ಒಣಗಿ ನಿಂತ ತೆಂಗು, ಇಂಥವನ್ನು ಯಾವುದಕ್ಕೂ ಪೆಟ್ಟಾಗದಂತೆ ಇಳಿಸಿಕೊಡಬೇಕು. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ರೇಟು ಹೇಳಲು ಮಾತ್ರ ಬರುತ್ತಿರಲಿಲ್ಲ. "ಎಷ್ಟಪ್ಪಾ?" ಎಂದು ಯಾರಾದರೂ ಕೇಳಿದರೆ ಇವರ ಬಾಯಲ್ಲಿ ಒಂದೇ ಮಾತು: "ನೋಡಿ ಕೊಡಿ ಸ್ವಾಮಿ."

ಆ ಮಾತು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಏನನ್ನು ನೋಡಿ ಕೊಡುವುದು? ಆ ಜನ ಮರದ ಕಡೆ ತಲೆ ಎತ್ತುತ್ತಲೇ ಇರಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದರು. "ಊಟದ ಹೊತ್ತಿಗೇ ಮುಗೀತಲ್ಲ, ಅರ್ಧ ದಿನದ ಕೂಲಿ ಸಾಕಲ್ವಾ?" ಚುರುಕಾಗಿ ಮುಗಿಸಿದ್ದಕ್ಕೆ ದಂಡ! ಎರಡು ದಿನ ಎಳೆದಾಡಿ, ಹೂವಿನ ಕುಂಡ ಒಡೆದು ಬಂದಿದ್ದರೆ ಡಬಲ್ ಸಿಗುತ್ತಿತ್ತೇನೋ. ಅದರ ಮೇಲೆ ಇನ್ನೊಂದು ಮಾತು: "ಸೌದೆ ನೀನೇ ತಗೊಂಡ್ಹೋಗ್ತೀಯಲ್ಲಪ್ಪಾ, ಅದೇ ನಿಂಗೆ ಲಾಭ." ಸೌದೆ ಡಿಪೋಗಳು ನಡೆಯುತ್ತಿದ್ದ ಕಾಲಕ್ಕೆ ಅದು ನಿಜವೇ. ಹೋಟೆಲುಗಳೆಲ್ಲ ಗ್ಯಾಸಿಗೆ ತಿರುಗಿದ ಮೇಲೆ ಸೌದೆ ಯಾರಿಗೆ ಬೇಕು? ಅದನ್ನು ಸಾಗಿಸಲು ಟೆಂಪೋದವನಿಗೆ ನಾವೇ ಕೈಯಿಂದ ಕೊಡಬೇಕಿತ್ತು. ಮಲ್ಲೇಶ್ವರದವರ ಲೆಕ್ಕದಲ್ಲಿ ಮಾತ್ರ ನಾವು ಚಿನ್ನ ಹೊತ್ತುಕೊಂಡು ಹೋಗುತ್ತಿದ್ದೆವು.

"ಬಾಯಿಬಿಟ್ಟು ಕೇಳೋಕೆ ಏನ್ರೀ ರೋಗ ನಿಮಗೆ?" ಎಂದು ಜಗಳ ತೆಗೆಯುತ್ತಿದ್ದೆ.

"ದೊಡ್ಡೋರ ಹತ್ರ ಚೌಕಾಸಿ ಮಾಡಿದ್ರೆ ಚೆನ್ನಾಗಿರಲ್ಲ ಕಣೇ. ನಾಳೆ ಮತ್ತೆ ಕರೀಬೇಕಲ್ಲ" ಎನ್ನುತ್ತಿದ್ದರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಈ ಮನುಷ್ಯನನ್ನು ನೋಡಿಯೇ ಹುಟ್ಟಿರಬೇಕು.

ಅಷ್ಟಕ್ಕೇ ನಿಂತಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಸಿಗುವುದು ಕಡಿಮೆ ಎಂದು ಗೊತ್ತಾದರೆ ಇವರು ಆಳುಗಳನ್ನು ಕಡಿಮೆ ಮಾಡುತ್ತಿದ್ದರು. ದಪ್ಪ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಕೊಯ್ದಾಗ ಕೆಳಗೆ ನಾಲ್ಕು ಜನ ಹಗ್ಗ ಹಿಡಿದು ನಿಧಾನವಾಗಿ ಬಿಡಬೇಕು. ಚಾಮರಾಜಪೇಟೆಯ ಒಂದು ಮಾವಿನ ಮರಕ್ಕೆ ಇಬ್ಬರನ್ನೇ ಕರೆದುಕೊಂಡು ಹೋದರು. ಭಾರ ತಡೆಯಲಾರದೆ ಹಗ್ಗ ಅವರ ಅಂಗೈ ಸುಟ್ಟು ಜಾರಿತು. ಕೊಂಬೆ ತಿರುಗಿ ಬಂದು ಇವರ ಬಲಭುಜಕ್ಕೆ ಬಡಿಯಿತು. ಹಿಂಬದಿಯ ಹೆಂಚಿನ ಕೋಣೆಯ ಮೇಲೆ ಬಿದ್ದರು. ಆ ಮನೆಯ ಯಜಮಾನ ಆಸ್ಪತ್ರೆಗೆ ಕಿತ್ತಳೆ ಹಣ್ಣು ತಂದ. ಹೊರಡುವಾಗ ಬಾಗಿಲಲ್ಲಿ ನಿಂತು, "ಒಡೆದಿರೋ ಹೆಂಚಿಗೆ ಏನ್ಮಾಡೋಣಮ್ಮಾ?" ಎಂದು ನನ್ನನ್ನು ಕೇಳಿದ. ಕಿತ್ತಳೆಯನ್ನು ಅವನ ಕೈಗೇ ವಾಪಸು ಕೊಟ್ಟು ಕಳಿಸಿದೆ.

ಆಮೇಲೆ ಇವರಿಗೆ ಮರ ಹತ್ತಲಾಗಲಿಲ್ಲ. ಹತ್ತತೊಡಗಿದವನು ನನ್ನ ತಮ್ಮ, ಆಗಷ್ಟೇ ಮದುವೆಯಾದವನು. ಇವರು ಕೆಳಗೆ ನಿಂತು ಯಾವ ಕೊಂಬೆ ಮೊದಲು ಎಂದು ಹೇಳುತ್ತಿದ್ದರು. ರೇಟು ಮಾತಾಡಲು ನಾನೇ ಹೊರಟೆ. ಇವರ ದಾಕ್ಷಿಣ್ಯಕ್ಕೆ ಇವರ ಭುಜ ಹೋಗಿತ್ತು. ನನ್ನ ತಮ್ಮನ ಜೀವ ಹೋಗಲು ನಾನು ಬಿಡುವವಳಲ್ಲ.

ಎರಡು ಸಾವಿರ ಇಸವಿ ಕಳೆದ ಮೇಲೆ ಬಸವನಗುಡಿಯ ಒಂದು ಬಂಗಲೆಯಲ್ಲಿ ಹಲಸಿನ ಮರದ ಕೆಲಸ ಬಂತು. ಮನೆಯಾತ ರಿಟೈರಾದ ಅಧಿಕಾರಿ. ಮರದ ಸುತ್ತ ಓಡಾಡಿ ನೋಡಿ, ಹತ್ತುವವನು, ಹಗ್ಗ ಹಿಡಿಯುವ ನಾಲ್ವರು, ಟೆಂಪೋ, ನಮ್ಮ ಲಾಭ ಎಲ್ಲ ಬಿಡಿಸಿ ಹೇಳಿದೆ.

"ಲಾಭ ಬೇರೆನಾ?" ಆತ ಹುಬ್ಬೇರಿಸಿದ.

"ಹೌದು ಸಾರ್. ಕೆಲಸ ಇಲ್ದಿರೋ ದಿನಾನೂ ನಾವು ಊಟ ಮಾಡ್ಬೇಕಲ್ಲ."

"ಹಗ್ಗಕ್ಕೆ ನಾಲ್ಕು ಜನ ಯಾಕೆ? ಇಬ್ರು ಸಾಕು. ನೀನು ಸುಮ್ನಿರಮ್ಮ, ಗಂಡಸು ಮಾತಾಡ್ಲಿ. ಏನಪ್ಪಾ, ನೀನ್ ಹೇಳು."

ಇವರು ಬಾಯಿ ತೆರೆದರೆ ಬರುವ ಮಾತು ನನಗೆ ಗೊತ್ತಿತ್ತು. ತಮ್ಮ ಆಗಲೇ ಮರದ ಬುಡದಲ್ಲಿ ನಿಂತು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ.

ಇವರು ಶರ್ಟಿನ ಗುಂಡಿ ಬಿಚ್ಚಿ, ಭುಜ ಹೊರಗೆ ಹಾಕಿ, ಬಲಗೈ ಎತ್ತಿದರು. ಎದೆಯ ಮಟ್ಟಕ್ಕೆ ಬಂದು ಕೈ ನಿಂತುಬಿಟ್ಟಿತು.

"ಅವತ್ತು ಹಗ್ಗ ಹಿಡಿದಿದ್ದು ಇಬ್ರೇ ಸ್ವಾಮಿ. ಇದಕ್ಕಿಂತ ಮೇಲೆ ಏಳಲ್ಲ ಈಗ. ಇವಳು ಹೇಳಿದ್ದೇ ರೇಟು."

ಆತ ಒಪ್ಪಿಕೊಂಡ. ನಾಲ್ವರೂ ಹಗ್ಗ ಹಿಡಿದರು, ಸಂಜೆ ತಮ್ಮ ನೆಟ್ಟಗೆ ಇಳಿದು ಬಂದ. ಕೊನೆಗೂ ಇವರು ಬಾಯಿಬಿಟ್ಟರಲ್ಲ ಎಂದು ನಾನು ಸಂತೋಷಪಡಬೇಕಿತ್ತು. ಸಿಟ್ಟು ಇನ್ನೂ ಜಾಸ್ತಿಯಾಯಿತು. ಒಂದೊಂದೇ ಬಿಡಿಸಿ ಹೇಳಿದಾಗ ಆ ಮನುಷ್ಯನ ಕಿವಿಗೆ ಬೀಳದ ಲೆಕ್ಕ, ನನ್ನ ಗಂಡನ ಮುರಿದ ಕೈ ಕಂಡ ಮೇಲೆ ಅರ್ಥವಾಯಿತು. ನ್ಯಾಯವಾದ ಕೂಲಿಗೆ ಇವರು ಭಿಕ್ಷೆಗೆ ನಿಂತವರ ಹಾಗೆ ಮೈ ಬಿಚ್ಚಿ ತೋರಿಸಬೇಕಾಯಿತು.